ಸೂಜಿ ನೋವು ಅಂತ ಸುಮ್ಮನಿರಬೇಡಿ

ಇಂಜೆಕ್ಷನ್ ಮಾಡಿಸಿಕೊಂಡ ತೋಳು ಎರಡು ಮೂರು ದಿನ ನೋಯುವುದು ಎಲ್ಲರಿಗೂ ಗೊತ್ತು. ಆದರೆ ಎರಡು ವಾರವಾದರೂ ಕೈ ಮೇಲೆತ್ತಲು ಬರದಿದ್ದರೆ? ಜಡೆ ಹಾಕಿಕೊಳ್ಳಲು, ಶೆಲ್ಫಿನ ಮೇಲಿನ ಡಬ್ಬಿ ಇಳಿಸಲು ಆಗದಿದ್ದರೆ? ಆಗಲೂ ನಾವು ಗೃಹಿಣಿಯರು ಹೇಳುವುದು ಒಂದೇ ಮಾತು, ‘ಹೋಗುತ್ತೆ ಬಿಡು!’

ನಾನೂ ಹಾಗೇ ಅಂದುಕೊಂಡಿದ್ದೆ. 2021ರ ಜೂನ್ 21ರಿಂದ 18 ದಾಟಿದವರಿಗೆಲ್ಲ ಕೋವಿಡ್ ಲಸಿಕೆ ಸರ್ಕಾರದಿಂದ ಉಚಿತವಾಗಿ ಸಿಗತೊಡಗಿತ್ತು. ಆ ವರ್ಷ ಪಂಚಮಿಗೆಂದು ಹುಬ್ಬಳ್ಳಿಯಿಂದ ತವರು ದೊಡವಾಡಕ್ಕೆ ಹೋದಾಗ ಅಲ್ಲೇ ಹಾಕಿಸಿಕೊಂಡೆ. ಉದ್ದನೆಯ ಸಾಲು, ಸುತ್ತ ಗಂಡಸರು. ಬ್ಲೌಸಿನ ಬಿಗಿ ತೋಳು ಮೇಲೇರಲಿಲ್ಲ. ಸಂಕೋಚದಿಂದ ಕುತ್ತಿಗೆ ಕಡೆಯಿಂದಲೇ ತುಸು ಜಗ್ಗಿ ಭುಜ ತೋರಿಸಿದೆ. ಸೂಜಿ ಬಿದ್ದದ್ದು ಭುಜದ ತುದಿಯ ಎಲುಬಿನ ಹತ್ತಿರ. ರಾತ್ರಿಯೇ ನೋವು ಶುರು. ಹಬ್ಬದ ದಿನ ಎಲ್ಲರೂ ಜೋಕಾಲಿ ಜೀಕುತ್ತಿದ್ದರೆ ನನಗೆ ಹಗ್ಗ ಹಿಡಿಯಲೂ ಆಗಲಿಲ್ಲ. ‘ಸೂಜಿ ಅಂದ ಮ್ಯಾಲೆ ನೋಯೂದ ಯವ್ವಾ, ನಾಕ ದಿನ ತಡಕೋ’ ಅಂದಳು ಅವ್ವ.

ತಡಕೊಂಡೆ. ನಾಲ್ಕು ದಿನವಲ್ಲ, ಎರಡು ತಿಂಗಳು! ಎಡಗೈ ಆದರೇನು, ಹಿಟ್ಟು ನಾದಲು ಎರಡೂ ಕೈ ಬೇಕಲ್ಲ? ಮನೆಯಲ್ಲಿ ರೊಟ್ಟಿ ಬಡಿಯೋದು ನಿಂತು ಖಾನಾವಳಿಯಿಂದ ತರಿಸುವಂತಾದ ಮೇಲೆಯೇ ಯಜಮಾನರು ‘ನಡಿ, ಡಾಕ್ಟರಿಗೆ ತೋರಿಸೋಣ’ ಅಂದದ್ದು. ಅವರನ್ನು ದೂರಿ ಏನು ಫಲ? ಬಾಯಿ ಬಿಟ್ಟು ಹೇಳದವಳು ನಾನೇ.

ಎಲುಬಿನ ಡಾಕ್ಟರು ಬಿಡಿಸಿ ಹೇಳಿದರು. ತೋಳಿಗೆ ಸೂಜಿ ಹಾಕಲು ಸರಿಯಾದ ಜಾಗ ಭುಜದ ತುದಿಯ ಎಲುಬಿನಿಂದ ಎರಡು ಮೂರು ಬೆರಳು ಕೆಳಗಿನ ದಪ್ಪ ಸ್ನಾಯು. ತೀರಾ ಮೇಲೆ ಚುಚ್ಚಿದರೆ, ಎಲುಬು ಮತ್ತು ಸ್ನಾಯು ಒಂದಕ್ಕೊಂದು ಉಜ್ಜದಂತೆ ಕಾಯುವ ತೆಳು ಚೀಲದೊಳಗೆ ಔಷಧ ಇಳಿದು ಉರಿಯೂತ ಆಗಬಹುದು. ಇದು ಅಪರೂಪ, ಆದರೆ ಭ್ರಮೆಯಲ್ಲ. ವೈದ್ಯರು ಇದಕ್ಕೆ ‘ಸಿರ್ವಾ’ ಅಂತ ಹೆಸರನ್ನೇ ಇಟ್ಟಿದ್ದಾರೆ. ಅಮೆರಿಕದಲ್ಲಿ 2017ರಲ್ಲಿ ಇದನ್ನು ಲಸಿಕೆ ಪರಿಹಾರದ ಪಟ್ಟಿಗೂ ಸೇರಿಸಿದರು. ನೋಯುತ್ತದೆಂದು ಕೈಯನ್ನು ಅಲುಗಿಸದೇ ಇಟ್ಟುಕೊಂಡರೆ ಕೀಲು ಬಿಗಿದು ‘ಫ್ರೋಜನ್ ಶೋಲ್ಡರ್’ ಆಗುವ ಭಯವೂ ಇದೆ. 40 ದಾಟಿದ ಹೆಂಗಸರು, ಸಕ್ಕರೆ ಕಾಯಿಲೆಯವರು ಹೆಚ್ಚು ಎಚ್ಚರ ವಹಿಸಬೇಕು.

ನನಗೆ ಕೆಲವು ದಿನ ಮಾತ್ರೆ, ಆಮೇಲೆ ಫಿಜಿಯೋಥೆರಪಿ. ಮೇಜಿಗೆ ಒಂದು ಕೈ ಊರಿ ಬಗ್ಗಿ, ನೋವಿನ ಕೈಯನ್ನು ಗಡಿಯಾರದ ಲೋಲಕದಂತೆ ಇಳಿಬಿಟ್ಟು ತೂಗುವುದು. ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ಹತ್ತಿಸುವುದು. ದಿನಕ್ಕೆ ಎರಡು ಸಲ, ತಡೆದುಕೊಳ್ಳುವಷ್ಟೇ. ಪೂರ್ತಿ ಗುಣವಾಗಲು ಐದು ತಿಂಗಳು ಹಿಡಿಯಿತು. ಮೊದಲೇ ಹೋಗಿದ್ದರೆ ಇಷ್ಟು ಒದ್ದಾಡುವುದು ತಪ್ಪುತ್ತಿತ್ತೇನೋ.

ಇಷ್ಟು ನೆನಪಿರಲಿ:

* ಇಂಜೆಕ್ಷನ್ನಿಗೆ ಹೋಗುವಾಗ ಸಡಿಲ ತೋಳಿನ ಬಟ್ಟೆ ಹಾಕಿಕೊಳ್ಳಿ. ಕುತ್ತಿಗೆಯಿಂದ ಜಗ್ಗಬೇಡಿ, ತೋಳು ಪೂರ್ತಿ ಕಾಣಲಿ. ಕುಳಿತುಕೊಂಡು, ಕೈ ಸಡಿಲ ಬಿಡಿ.

* ಚುಚ್ಚಿದ ದಿನ ತಣ್ಣೀರಿನ ಬಟ್ಟೆ ಇಡಿ, ಕೈಯನ್ನು ಮೆಲ್ಲಗೆ ಆಡಿಸುತ್ತಿರಿ. ಎಣ್ಣೆ ಹಚ್ಚಿ ಗಸಗಸ ತಿಕ್ಕಬೇಡಿ.

* ವಾರವಾದರೂ ನೋವು ಇಳಿಯದೇ, ಕೈ ಮೇಲೇಳದಿದ್ದರೆ ಡಾಕ್ಟರಿಗೆ ತೋರಿಸಿ. ಯಾವತ್ತು, ಯಾವ ಕೈಗೆ, ಯಾವ ಲಸಿಕೆ ಎಂದು ಹೇಳಿ. ಲಸಿಕೆ ಹಾಕಿದ ಕೇಂದ್ರಕ್ಕೂ ತಿಳಿಸಿ.

* ಕೆಂಪಾಗಿ ಬಾತು ಜ್ವರ ಬಂದರೆ, ಕೀವು ಕಂಡರೆ, ಬೆರಳು ಜೋಮು ಹಿಡಿದು ಶಕ್ತಿ ಕುಂದಿದರೆ ಒಂದು ದಿನವೂ ಕಾಯಬೇಡಿ.

* ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವುದು ಬೇಡ. ಹೊಟ್ಟೆಗೂ ಕಿಡ್ನಿಗೂ ಅಪಾಯ. ಗರ್ಭಿಣಿಯರಂತೂ ಕೇಳದೇ ತೆಗೆದುಕೊಳ್ಳಲೇಬಾರದು.

ಹಾಗಂತ ಲಸಿಕೆಯೇ ಬೇಡ ಅನ್ನಬೇಡಿ. ನನ್ನ ನೋವಿಗೆ ಕಾರಣ ಔಷಧವಲ್ಲ, ಸೂಜಿ ಬಿದ್ದ ಜಾಗ. ಎರಡನೇ ಡೋಸನ್ನು ಬಲಗೈಗೆ, ಸರಿಯಾದ ಜಾಗಕ್ಕೆ ಹಾಕಿಸಿಕೊಂಡೆ. ಎರಡೇ ದಿನಕ್ಕೆ ನೋವು ಮಾಯ.

ಲಸಿಕೆ ಕೊಡುವವರಲ್ಲೂ ಒಂದು ಮಾತು. ಹೆಂಗಸರಿಗೆ ಒಂದು ಪರದೆ ಕಟ್ಟಿ. ಒಂದು ಹಳೇ ಸೀರೆಯಾದರೂ ಸಾಕು! ಸಂಕೋಚವಿಲ್ಲದೆ ತೋಳು ತೋರಿಸಿದರೆ ನಿಮ್ಮ ಸೂಜಿಯೂ ಸರಿಯಾದ ಕಡೆ ಬೀಳುತ್ತದೆ. ಪರದೆ ಇಲ್ಲದಿದ್ದರೆ ನಾವೇ ಕೇಳೋಣ. ಅದರಲ್ಲಿ ನಾಚಿಕೆ ಏನು ಬಂತು?

ಮಗುವಿಗೆ ಚೂರು ಕೆಮ್ಮು ಬಂದರೂ ಆಸ್ಪತ್ರೆಗೆ ಓಡುವವರು ನಾವು. ನಮ್ಮ ತೋಳು ನೋಯುವಾಗ ಮಾತ್ರ ರೊಟ್ಟಿ ನಿಲ್ಲುವ ತನಕ ಯಾಕೆ ಕಾಯಬೇಕು? ಮರುವರ್ಷದ ಪಂಚಮಿಗೆ ನಾನು ಜೋಕಾಲಿ ಜೀಕಿದೆ. ನೀವೂ ನೋವು ನುಂಗಿಕೊಂಡು ಕೂರಬೇಡಿ, ಇವತ್ತೇ ಹೇಳಿ.