ಗೀಸರ್ ಕೆಟ್ಟರೆ ಎಲ್ಲಿಯವರೆಗೆ ಕೈ ಹಾಕಬಹುದು?

ಡಿಸೆಂಬರ್ ಬಂತೆಂದರೆ ಸ್ಕಂದಗಿರಿಯ ತಲೆ ಮಂಜಿನಲ್ಲಿ ಮುಚ್ಚಿಹೋಗುತ್ತದೆ. ಬೆಟ್ಟ ಹತ್ತಲು ಬೆಂಗಳೂರಿನಿಂದ ಬರುವ ಹುಡುಗರಿಗೆ ಅದು ಖುಷಿ. ತಪ್ಪಲಿನ ಚಿಕ್ಕಬಳ್ಳಾಪುರದಲ್ಲಿ ಫಜ್ರ್‌ಗೆ ಎದ್ದು ನಲ್ಲಿ ತಿರುಗಿಸುವವರಿಗೆ ಬಿಸಿನೀರಿನದೇ ಚಿಂತೆ. ಹಿಂದೆ ಹಂಡೆಯ ಒಲೆಗೆ ನಾಲ್ಕು ಸೌದೆ ತುರುಕಿದರೆ ಮುಗಿಯುತ್ತಿತ್ತು. ಈಗ ಗೀಸರ್ ಬಂದಿದೆ, ಅದು ಚಳಿಯಲ್ಲೇ ಕೈಕೊಡುತ್ತದೆ. ಮೆಕ್ಯಾನಿಕ್ "ನಾಳೆ ಬರ್ತೀನಿ" ಎನ್ನುತ್ತಾನೆ. ಮನೆಯವರು ಅಂಗಡಿಯಲ್ಲೋ ದುಬೈಯಲ್ಲೋ ಇರುತ್ತಾರೆ. ನಾವೇ ಸ್ಕ್ರೂಡ್ರೈವರ್ ಹಿಡಿದರೆ ಹೇಗೆ ಎನಿಸುವುದು ಸಹಜ. ಆದರೆ ಎಲ್ಲಿಯವರೆಗೆ ನಮ್ಮ ಕೆಲಸ ಎಂಬುದು ಮೊದಲು ತಿಳಿದಿರಲಿ, ಸಹೋದರಿಯರೇ.

ನಮ್ಮ ಕಡೆ ಗೀಸರ್ ಬೇಗ ಕೆಡಲು ಮುಖ್ಯ ಕಾರಣ ನೀರು. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ಇದು. ಆಳದ ಕೊಳವೆಬಾವಿಯ ಗಡಸು ನೀರು ಕಾದಾಗ ಸುಣ್ಣ ಬೇರ್ಪಟ್ಟು ಕಾಯಿಲ್ ಮೇಲೆ ಕೂರುತ್ತದೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸುವ ಮನೆಯವರಿಗೆ ಈ ಬಿಳಿ ಪೊರೆಯ ಬಗ್ಗೆ ಹೇಳಿಕೊಡಬೇಕಾಗಿಲ್ಲ. ಪೊರೆ ದಪ್ಪವಾದಂತೆ ಶಾಖ ನೀರಿಗೆ ತಲುಪದೆ ಕಾಯಿಲ್ ತಾನೇ ಸುಡುತ್ತದೆ. ನೀರು ಕಾಯಲು ಮೊದಲಿಗಿಂತ ಹೊತ್ತಾಗುತ್ತಿದ್ದರೆ, ಒಳಗೆ ಗೊರಗೊರ ಸದ್ದಾಗುತ್ತಿದ್ದರೆ ಇದೇ ಲಕ್ಷಣ. ಗುಂಡಿಯನ್ನು ಪೂರ್ತಿ ತಿರುಗಿಸದೆ 50-55 ಡಿಗ್ರಿಯಲ್ಲಿಟ್ಟರೆ ಸುಣ್ಣ ಕಟ್ಟುವುದು ನಿಧಾನವಾಗುತ್ತದೆ, ಕರೆಂಟೂ ಉಳಿಯುತ್ತದೆ.

ಇಮ್ಮರ್ಶನ್ ರಾಡಿನ ಸುಣ್ಣವನ್ನು ನೀವೇ ತೆಗೆಯಬಹುದು. ಪ್ಲಗ್ ಕಿತ್ತು, ರಾಡ್ ಪೂರ್ತಿ ತಣ್ಣಗಾದ ಮೇಲೆ, ಕಾಯುವ ಭಾಗವನ್ನು ಮಾತ್ರ ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ ನೆನೆಸಿಡಿ. ವಯರ್ ಸೇರುವ ಮೇಲ್ಭಾಗ ಒದ್ದೆಯಾಗಬಾರದು. ಚಾಕುವಿನಿಂದ ಕೆರೆಯಬೇಡಿ. ರಾಡ್ ಬಳಸುವಾಗ ಪ್ಲಗ್ ಕಿತ್ತ ನಂತರವೇ ನೀರು ಮುಟ್ಟಿ ನೋಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಗೀಸರ್ ದೀಪವೇ ಉರಿಯದಿದ್ದರೆ ಮೊದಲು ಎಂಸಿಬಿ ನೋಡಿ. ಪ್ಲಗ್ ಪಿನ್ ಕಪ್ಪಾಗಿದೆಯೇ ನೋಡಿ. 2000 ವ್ಯಾಟ್ ಗೀಸರಿಗೆ 16 ಆಂಪಿಯರ್ ಸಾಕೆಟ್ಟೇ ಬೇಕು. ನೀರು ಕಾಯುವಾಗ ವಾಲ್ವ್‌ನಿಂದ ಹನಿ ತೊಟ್ಟಿಕ್ಕಿದರೆ ಗಾಬರಿ ಬೇಡ. ಕಾದು ಹಿಗ್ಗಿದ ನೀರಿಗೆ ಅದೇ ದಾರಿ. ಅದಕ್ಕೆ ಬಟ್ಟೆ ತುರುಕುವುದೋ ಎಂ-ಸೀಲ್ ಮೆತ್ತುವುದೋ ಮಾಡಿದರೆ ಒತ್ತಡ ಹೆಚ್ಚಿ ಟ್ಯಾಂಕೇ ಸಿಡಿಯಬಹುದು.

ನಮ್ಮ ಕೆಲಸ ಇಲ್ಲಿಗೆ ಮುಗಿಯಿತು. ಮುಚ್ಚಳ ಬಿಚ್ಚಬೇಡಿ. ಎಂಸಿಬಿ ಎತ್ತಿದೊಡನೆ ಮತ್ತೆ ಬೀಳುತ್ತಿದ್ದರೆ ಮತ್ತೆ ಮತ್ತೆ ಎತ್ತಬೇಡಿ. ನಲ್ಲಿ ಮುಟ್ಟಿದಾಗ ಜುಮ್ ಎಂದರೆ "ಸ್ವಲ್ಪ ಶಾಕ್ ಅಷ್ಟೇ" ಎನ್ನುವವರ ಮಾತು ಕೇಳಬೇಡಿ. ಮೈನ್ ಆಫ್ ಮಾಡಿ, ಮಕ್ಕಳನ್ನು ಬಚ್ಚಲಿಗೆ ಬಿಡಬೇಡಿ, ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ನೋಡುವವರೆಗೆ ಕಾಯಿರಿ. ಅವರು ಬಂದಾಗಲೇ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ. ಚಿನ್ನದಂಗಡಿಗೆ ಹೋಗುವ ದುಡ್ಡಿನಲ್ಲಿ ಇದು ಎಷ್ಟರದ್ದು!

ಗ್ಯಾಸ್ ಗೀಸರಿನ ವಿಷಯ ಬೇರೆ. ಅದರ ಅಪಾಯ ಕಣ್ಣಿಗೆ ಕಾಣದು, ಮೂಗಿಗೆ ಬಡಿಯದು. ಗಾಳಿಯಾಡದ ಬಚ್ಚಲಲ್ಲಿ ಅದು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಬಾಗಿಲ ಚಿಲಕ ತೆಗೆಯುವಷ್ಟರಲ್ಲಿ ಪ್ರಜ್ಞೆ ತಪ್ಪಬಹುದು. ಚಳಿಗೆ ಕಿಟಕಿ ಮುಚ್ಚುವುದೇ ಇಲ್ಲಿ ದೊಡ್ಡ ತಪ್ಪು. ಗ್ಯಾಸ್ ಗೀಸರ್ ಬಚ್ಚಲಿನ ಹೊರಗಿರಲಿ, ಒಳಗಿದ್ದರೆ ಸ್ಥಳ ಬದಲಿಸುವವರೆಗೆ ಹಚ್ಚಲೇಬೇಡಿ. ಬಾಣಂತಿಯ ಕೋಣೆ ಮುಚ್ಚಿ ಕೆಂಡದ ಒಲೆ ಇಡುವ ಮನೆಗಳು ಇನ್ನೂ ಇವೆ. ಹೊಗೆ ಇಲ್ಲವೆಂದು ಅಜ್ಜಿಯರು ಧೈರ್ಯ ಹೇಳುತ್ತಾರೆ. ಆದರೆ ಕೆಂಡದಿಂದ ಬರುವುದೂ ಅದೇ ವಿಷ, ತಾಯಿ-ಮಗು ಇಬ್ಬರಿಗೂ.

ಮೆಕ್ಯಾನಿಕ್ ಬಂದಾಗ ಬಾಗಿಲ ಮರೆಯಲ್ಲಿ ನಿಂತು "ಸರಿ ಮಾಡಿ ಹೋಗಪ್ಪ" ಎಂದರೆ ಸಾಲದು. ಕಾಯಿಲ್ ಬದಲಿಸಿದೆ ಎಂದರೆ ಹಳೆಯದನ್ನು ತೋರಿಸಲು ಹೇಳಿ. ಟ್ಯಾಂಕಿನೊಳಗೆ ಮೆಗ್ನೀಸಿಯಂ ಕಡ್ಡಿ ಇರುತ್ತದೆ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಅದು ತಾನೇ ಸವೆಯುತ್ತದೆ. ಮುಚ್ಚಳ ಬಿಚ್ಚಿದ್ದಾಗಲೇ ಅದು ಎಷ್ಟು ಉಳಿದಿದೆ ಎಂದು ಕೇಳಿ, ಬದಲಿಸಿದ ತಾರೀಖನ್ನು ಗೀಸರಿನ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡಿ.