ಕಂಡ ಪದ, ಓದಿದ ಪದ

ಯುಕೆಜಿ ಮಗು ಇಂಗ್ಲಿಷ್ ಪುಸ್ತಕ ಹಿಡಿದು ಗಡಗಡನೆ ಓದಿದರೆ ಮನೆಮಂದಿಗೆಲ್ಲ ಎಲ್ಲಿಲ್ಲದ ಹಿಗ್ಗು. ಬಂದ ನೆಂಟರ ಮುಂದೆಲ್ಲ ಒಂದು ಪ್ರದರ್ಶನ. ಅದೇ ಪದವನ್ನು ಚಿತ್ರವಿಲ್ಲದೆ ಸ್ಲೇಟಿನ ಮೇಲೆ ಬರೆದು ತೋರಿಸಿದರೆ ಕೆಲವು ಮಕ್ಕಳು ಅಮ್ಮನ ಮುಖ ನೋಡುತ್ತವೆ. ದೊಡ್ಡವರು ಓದು ಎಂದುಕೊಂಡದ್ದು ಬರೀ ಬಾಯಿಪಾಠವಾಗಿರುತ್ತದೆ.

ನಮ್ಮ ಊರುಗಳ ಎಷ್ಟೋ ಇಂಗ್ಲಿಷ್ ಮಾಧ್ಯಮದ ಶಿಶುವಿಹಾರಗಳಿಂದ ಈಗ 'ಸೈಟ್ ವರ್ಡ್ಸ್' ಪಟ್ಟಿ ಮನೆಗೆ ಬರುತ್ತದೆ. ಅಕ್ಷರ ಕೂಡಿಸಿಕೊಳ್ಳುತ್ತ ಕೂರದೆ ಕಂಡೊಡನೆ ಓದಬೇಕಾದ ಪದಗಳಿವು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎಡ್ವರ್ಡ್ ಡಾಲ್ಚ್ 1936ರಲ್ಲಿ ಇಂಥ 220 ಪದಗಳ ಪಟ್ಟಿ ಪ್ರಕಟಿಸಿದರು. ಅದರಲ್ಲಿ ಬೆಕ್ಕು, ಚೆಂಡುಗಳಂಥ ನಾಮಪದಗಳಿಲ್ಲ. 'ದಿ', 'ಆಫ್', 'ವಾಸ್', 'ಸೆಡ್' ಮೊದಲಾದ, ಚಿತ್ರ ಬರೆದು ತೋರಿಸಲಾಗದ, ಆದರೆ ಪುಟಪುಟದಲ್ಲೂ ಎದುರಾಗುವ ಪದಗಳಿವೆ. ಇವು ಸಲೀಸಾದರೆ ಮಗುವಿನ ಓದು ಸಲೀಸಾಗುತ್ತದೆ ಎಂಬುದು ಸರಿಯಾದ ಮಾತೇ. ತೊಡಕಿರುವುದು ಕಲಿಸುವ ಬಗೆಯಲ್ಲಿ.

ಕಾರ್ಡು ಎತ್ತಿ ತೋರಿಸುವುದು, ಮಗು ಕೂಗುವುದು, ಮತ್ತೊಂದು ಕಾರ್ಡು. ಹೀಗೆ ಕಲಿತ ಮಗು ಪದವನ್ನು ಒಂದು ಚಿತ್ರದಂತೆ ನೆನಪಿಡುತ್ತದೆ. ಹತ್ತಿಪ್ಪತ್ತು ಪದಗಳವರೆಗೆ ಇದು ನಡೆದೀತು. ಆಮೇಲೆ ಒಂದರಂತೆ ಇನ್ನೊಂದು ಕಾಣತೊಡಗುತ್ತದೆ. 'ವಾಸ್' ಮತ್ತು 'ಸಾ' ಎರಡರಲ್ಲೂ ಇರುವುದು ಅವೇ ಮೂರು ಅಕ್ಷರ, ಹಿಂದುಮುಂದಾಗಿ. ಆಕಾರ ನೋಡಿ ಊಹಿಸುವ ಮಗು ಇಲ್ಲಿ ಎಡವುತ್ತದೆ. ಮೂರನೇ ತರಗತಿಗೆ ಬಂದು ಪಾಠ ಉದ್ದವಾಗಿ, ಚಿತ್ರ ಕಡಿಮೆಯಾದಾಗ 'ಇಷ್ಟು ಚೆನ್ನಾಗಿ ಓದುತ್ತಿದ್ದ ಹುಡುಗನಿಗೆ ಏನಾಯಿತು?' ಎಂದು ಮನೆಯವರು ಕೇಳುತ್ತಾರೆ. ಪಾಪ, ಆಗ ಬೈಗುಳ ತಿನ್ನುವುದೂ ಆ ಹುಡುಗನೇ.

ಓದು ಕಲಿಯುವ ಬಗೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಲಿನಿಯಾ ಏರಿ ಅವರ ಪ್ರಕಾರ, ಪದದ ಅಕ್ಷರಗಳು ಅದರ ಸದ್ದುಗಳೊಡನೆ ಗಂಟುಬಿದ್ದಾಗಲೇ ಅದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂರುತ್ತದೆ. 'ಸೆಡ್' ಪದವನ್ನೇ ನೋಡಿ. ಎಸ್, ಎ, ಐ, ಡಿ. ಮೊದಲಿನ ಎಸ್, ಕೊನೆಯ ಡಿ ತಮ್ಮ ಸದ್ದನ್ನೇ ಕೊಡುತ್ತವೆ. ಮೋಸ ಮಾಡುವುದು ನಡುವಿನ ಎರಡಕ್ಷರ ಮಾತ್ರ. ಹಾಗಿರುವಾಗ ಇಡೀ ಪದವನ್ನು ಉರು ಹೊಡೆಸುವುದೇಕೆ?

ಮೊದಲು ಪದವನ್ನು ಬಾಯಲ್ಲಿ ಹೇಳಿಸಿ. ಸದ್ದು ಎಷ್ಟಿವೆ ಎಂದು ಬೆರಳು ಮಡಚಿ ಎಣಿಸಲಿ: ಸ್, ಎ, ಡ್, ಮೂರು. ಬಳಿಕ ಒಂದೊಂದು ಸದ್ದಿಗೂ ಅಕ್ಷರ ಬರೆಯಿರಿ. ಮೋಸದ ಅಕ್ಷರಗಳ ಕೆಳಗೆ ಕೆಂಪು ಗೆರೆ ಎಳೆಯಿರಿ. ಮಗುವೂ ಬರೆಯಲಿ, ಸದ್ದು ಹೇಳುತ್ತಲೇ ಬರೆಯಲಿ. ಒಂದು ಸಲಕ್ಕೆ ಎರಡು ಮೂರು ಪದ ಸಾಕು. ಹಿಂದಿನವು ಮರೆತಿಲ್ಲವೆಂದು ಕಂಡ ಮೇಲೆ ಮುಂದಿನವು.

ನಮ್ಮ ಮಕ್ಕಳಿಗೆ ಇನ್ನೊಂದು ಕಷ್ಟವಿದೆ. ಅಮೆರಿಕದ ಐದು ವರ್ಷದ ಮಗುವಿಗೆ 'ಸೆಡ್' ಮನೆಮಾತು. ಅದರ ಬರಹವೊಂದೇ ಹೊಸತು. ನಮ್ಮ ಮಗು ಮನೆಯಲ್ಲಿ ಕೇಳಿದ್ದು 'ಅಂದ', 'ಹೇಳಿದ'. ಅದಕ್ಕೆ ಸದ್ದು, ಅರ್ಥ, ಬರಹ ಮೂರೂ ಹೊಸತು. 'ದಿ'ಗೆ ಸರಿಸಾಟಿಯಾದ ಪದವೇ ಕನ್ನಡದಲ್ಲಿಲ್ಲ. 'ಆಫ್' ನಮ್ಮಲ್ಲಿ ಪ್ರತ್ಯಯವಾಗಿ ಪದಕ್ಕೇ ಅಂಟಿಕೊಂಡಿರುತ್ತದೆ, 'ಮನೆಯ ಬಾಗಿಲು' ಎನ್ನುವ ಹಾಗೆ. ಆದ್ದರಿಂದ ಕಾರ್ಡು ತೋರಿಸುವ ಮೊದಲು ಆ ಪದವಿರುವ ಪುಟ್ಟ ವಾಕ್ಯ ಆಡಿಸಬೇಕು, ಕಥೆ ಹೇಳಬೇಕು. ಕಿವಿಗೆ ಗೊತ್ತಿಲ್ಲದ ಪದ ಕಣ್ಣಿಗೆ ದಕ್ಕುವುದು ಕಷ್ಟ.

ಇಲ್ಲಿ ಕನ್ನಡ ನೆರವಿಗೆ ಬರುತ್ತದೆ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ವರ್ಣಮಾಲೆಯ ಕ್ರಮ ಬಿಟ್ಟು ರ, ಗ, ಸ, ದ, ಅ ಎಂದು ಶುರುಮಾಡುತ್ತಾರೆ. ಈ ಐದೇ ಅಕ್ಷರಗಳಲ್ಲಿ ಸರ, ಅರಸ, ಅಗಸ, ಗರಗಸ ಎಲ್ಲವನ್ನೂ ಯಾರೂ ಹೇಳಿಕೊಡದೆ ಓದಬಹುದು. ಕಾಗುಣಿತ, ಒತ್ತಕ್ಷರಗಳು ಕೈವಶವಾಗಲು ವರ್ಷಗಳೇ ಹಿಡಿದರೂ, ಅಕ್ಷರ ಎಂದರೆ ಸದ್ದು ಎಂಬ ಗುಟ್ಟು ಮಗುವಿಗೆ ಬೇಗ ತಿಳಿಯುತ್ತದೆ. ಆ ಗುಟ್ಟು ತಿಳಿದ ಮಗು ಇಂಗ್ಲಿಷಿನಲ್ಲೂ ಆಕಾರ ನೋಡುವುದನ್ನು ಬಿಟ್ಟು ಅಕ್ಷರ ಹುಡುಕುತ್ತದೆ.

ಪಟ್ಟಿ ಮನೆಗೆ ಬಂದಾಗ ಪಾಲಕರು ಟೀಚರಿಗೆ 'ಎಷ್ಟು ಪದ ಆಯಿತು?' ಎಂದು ಕೇಳುವ ಬದಲು 'ಹೇಗೆ ಕಲಿಸುತ್ತಿದ್ದೀರಿ, ನಾವು ಮನೆಯಲ್ಲಿ ಹೇಗೆ ಹೇಳಿಕೊಡಬೇಕು?' ಎಂದು ಕೇಳಲಿ. ವಾರಕ್ಕೊಮ್ಮೆ ಕಲಿತ ಪದಗಳನ್ನು ಸೇರಿಸಿ, ಮಗು ಹಿಂದೆಂದೂ ನೋಡದ ಒಂದು ವಾಕ್ಯ ಬರೆದು ಮುಂದಿಡಲಿ. ತಡವರಿಸಿಯಾದರೂ ಓದಿದರೆ ಕಲಿಕೆ ಸರಿದಾರಿಯಲ್ಲಿದೆ. ಓದದಿದ್ದರೆ ಹೊಸ ಕಾರ್ಡುಗಳನ್ನು ಪಕ್ಕಕ್ಕಿಟ್ಟು ಹಳೆಯ ಎರಡು ಪದಗಳಿಗೆ ಮರಳುವುದೇ ಲೇಸು.