ಹಣೆಯ ಗಂಟೆಲ್ಲ ಕ್ಯಾನ್ಸರಲ್ಲ

ನಮ್ಮ ಸಂಘದ ಸೋದರಿಯೊಬ್ಬರು ಎರಡು ವರ್ಷಗಳಿಂದ ಹಣೆಯ ಮೇಲಣ ಗಂಟೊಂದನ್ನು ಮುಂಗೂದಲಲ್ಲಿ ಮರೆಮಾಡಿಕೊಂಡಿದ್ದರು. ನೋವಿಲ್ಲ, ಆದರೆ ಕಲ್ಲಿನಂತೆ ಗಟ್ಟಿ, ಮೆಲ್ಲಮೆಲ್ಲನೆ ಬೆಳೆಯುತ್ತಿತ್ತು. “ಮಗಳ ಮದುವೆ ಮುಗಿದ ಮೇಲೆ ತೋರಿಸೋಣ ಅಂತಿದ್ದೆ, ಡಾಕ್ಟರೇ. ಕ್ಯಾನ್ಸರ್ ಅಂದುಬಿಟ್ಟರೆ ಗತಿಯೇನು?” ಎಂದು ಕಣ್ಣೀರು ತಂದರು. ಈ ಭಯ ಅವರೊಬ್ಬರದೇ ಅಲ್ಲವಾದುದರಿಂದ ಈ ಸಲ ಆ ವಿಷಯವನ್ನೇ ಎತ್ತಿಕೊಂಡಿದ್ದೇನೆ.

ತಲೆಬುರುಡೆಯ ಎಲುಬಿನಲ್ಲಿ ಎರಡು ಗಟ್ಟಿ ಪದರಗಳು. ಅವುಗಳ ನಡುವೆ ಮಜ್ಜೆಯಿರುವ ಮೆದುಭಾಗ. ಅಲ್ಲಿ ಕೆಲವೊಮ್ಮೆ ಸಣ್ಣ ರಕ್ತನಾಳಗಳು ಮಿತಿಮೀರಿ ಬೆಳೆದು ಗಡ್ಡೆಯಾಗುವುದುಂಟು. ಇದೇ ಹೀಮ್ಯಾಂಜಿಯೋಮಾ. ಅಪರೂಪದ ಈ ಗಡ್ಡೆ ನಡುವಯಸ್ಸಿನ ಹೆಂಗಸರಲ್ಲಿ ತುಸು ಹೆಚ್ಚು. ಹಣೆ ಮತ್ತು ನೆತ್ತಿಯ ಎಲುಬುಗಳೇ ಅದರ ಮುಖ್ಯ ನೆಲೆ. ಇದು ಕ್ಯಾನ್ಸರಲ್ಲ, ಬೇರೆ ಅಂಗಗಳಿಗೆ ಹರಡುವುದಿಲ್ಲ.

ಇದನ್ನು ಗುರುತಿಸುವುದು ಹೇಗೆ? ಕ್ಷ-ಕಿರಣದ ಚಿತ್ರದಲ್ಲಿ ಎಲುಬು ಸವೆದ ದುಂಡನೆಯ ಜಾಗ ಕಾಣುತ್ತದೆ. ಅದರೊಳಗೆ ಜೇನುಹುಟ್ಟಿನ ಕಣ್ಣುಗಳಂತೆ, ಇಲ್ಲವೆ ಬಂಡಿಚಕ್ರದ ಅರಗಳಂತೆ ಎಲುಬಿನ ಎಳೆಗಳಿರುತ್ತವೆ. 1971ರಲ್ಲಿ ಮೊದಲು ರೋಗಿಯ ಮೇಲೆ ಬಳಕೆಗೆ ಬಂದ ಸಿ.ಟಿ. ಸ್ಕ್ಯಾನ್ ಎರಡು ಪದರಗಳನ್ನೂ ಬೇರೆಬೇರೆಯಾಗಿ ತೋರಿಸಬಲ್ಲದು. ಸಾಮಾನ್ಯವಾಗಿ ಹೊರಪದರ ಉಬ್ಬಿರುತ್ತದೆ, ಒಳಪದರ ಕೆಡದೆ ಉಳಿದಿರುತ್ತದೆ. ಗಡ್ಡೆ ಮಿದುಳಿನ ಪೊರೆಯನ್ನು ತಾಗಿದೆಯೇ ಎಂಬುದನ್ನು ಎಂ.ಆರ್.ಐ. ತಿಳಿಸುತ್ತದೆ.

ಆದರೆ ಚಿತ್ರವೇ ಕಡೆಯ ಮಾತಲ್ಲ. ಬೇರೆಡೆಯಿಂದ ಹರಡಿ ಬಂದ ಕ್ಯಾನ್ಸರ್, ಮಜ್ಜೆಯ ಕ್ಯಾನ್ಸರಾದ ಮೈಲೋಮಾ, ಮಿದುಳ ಪೊರೆಯ ಗಡ್ಡೆ, ಇವೂ ಒಮ್ಮೊಮ್ಮೆ ಇದರಂತೆಯೇ ತೋರುತ್ತವೆ. ಸಂದೇಹವನ್ನು ಪೂರ್ತಿ ತೀರಿಸುವುದು ಸೂಕ್ಷ್ಮದರ್ಶಕ. ಗಡ್ಡೆಯ ತುಂಬ ರಕ್ತನಾಳಗಳಿರುವುದರಿಂದ ಚುಚ್ಚಿದರೆ ರಕ್ತಸ್ರಾವದ ಅಪಾಯವುಂಟು. ಆದುದರಿಂದ ಶಸ್ತ್ರಚಿಕಿತ್ಸೆ ಬೇಕಾದಾಗ ಸುತ್ತಲಿನ ಒಂದಿಷ್ಟು ಒಳ್ಳೆಯ ಎಲುಬಿನೊಡನೆ ಇಡಿಯಾಗಿ ತೆಗೆಯುವುದೇ ವಾಡಿಕೆ: ಪರೀಕ್ಷೆಯೂ ಆಯಿತು, ಚಿಕಿತ್ಸೆಯೂ ಆಯಿತು. ಚಿಕ್ಕದಾಗಿದ್ದು, ತೊಂದರೆ ಕೊಡದೆ, ಚಿತ್ರವೂ ಸ್ಪಷ್ಟವಾಗಿದ್ದರೆ ಆಗಾಗ ನೋಡುತ್ತಿದ್ದರೂ ಸಾಕು.

ಗಂಟು ಬೇಗಬೇಗನೆ ಬೆಳೆದರೆ, ನೋವು, ವಾಂತಿ, ಫಿಟ್ಸ್ ಕಂಡರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ ಒಂದು ದಿನವೂ ತಡಮಾಡಬೇಡಿ. ಎಣ್ಣೆ ಹಾಕಿ ತಿಕ್ಕುವುದು, ಸೂಜಿಯಿಂದ ಚುಚ್ಚುವುದು ಸರ್ವಥಾ ಕೂಡದು.

ಆ ಸೋದರಿಯ ಗಡ್ಡೆಯನ್ನು ತೆಗೆದದ್ದಾಯಿತು. ವರದಿಯಲ್ಲಿ ಹೀಮ್ಯಾಂಜಿಯೋಮಾ ಎಂದೇ ಬಂತು. ಎರಡು ವರ್ಷ ಅವರ ನಿದ್ದೆ ಕೆಡಿಸಿದ್ದು ಗಂಟಲ್ಲ, ಅದನ್ನು ಮುಚ್ಚಿಟ್ಟದ್ದು. ಮಗಳ ಧಾರೆಯ ದಿನ ಕೂದಲನ್ನು ಹಿಂದಕ್ಕೆ ಬಾಚಿ, ಹಣೆಗೆ ದೊಡ್ಡ ಕುಂಕುಮವಿಟ್ಟು ಬಾಗಿಲಲ್ಲಿ ನಿಂತು ನಮ್ಮನ್ನು ಬರಮಾಡಿಕೊಂಡರು.